ಧರೆ ಕಡಿದಾಗ ಹಳದಿ ಹೊಳೆಯುವ ಕಲ್ಲು ಸಿಕ್ಕಿದೆ, ಬಂಗಾರವಾ? ಗೊತ್ತಿರುವವರು ಹೇಳಿ

ಧರೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಹೊಸನಗರದ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಊರು. ಅಡಿಕೆ ಒಣಗಿಸಲು ಅಂಗಳ ಸಾಲುವುದಿಲ್ಲ ಅಂತ ಹೋದ ವಾರ ಮನೆ ಹಿಂದಿನ ಧರೆ, ಅಂದರೆ ಗುಡ್ಡದ ಮಣ್ಣಿನ ಗೋಡೆ, ಕಡಿಸಿದೆ. ಮೇಲೆ ಏಳೆಂಟು ಅಡಿ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ ಮಣ್ಣು, ಆ ಶೇಡಿಯ ನಡುವೆ ಗೇಣು ದಪ್ಪದ ಬೆಣಚುಕಲ್ಲಿನ ಪಟ್ಟೆ ಒಂದು ಓರೆಯಾಗಿ ಇಳಿದಿದೆ. ಜೆಸಿಬಿ ಹಲ್ಲಿಗೆ ಸಿಕ್ಕಿ ಒಡೆದ ತುಂಡುಗಳಲ್ಲಿ ತುಕ್ಕು ಬಣ್ಣದ ತೂತುಗಳಿವೆ. ಇದೇ ಬೇಸಿಗೆಯಲ್ಲಿ ಬಾವಿಯನ್ನೂ ನಾಲ್ಕಡಿ ಇಳಿಸಿದ್ದೆವು. ಅಲ್ಲಿಂದ ಬಂದ ಕರಿಕಲ್ಲಿನಲ್ಲಿ ಹಿತ್ತಾಳೆ ಬಣ್ಣದ ಚುಕ್ಕೆಗಳಿವೆ, ಕೆಲವು ಪಗಡೆ ದಾಳದ ಹಾಗೆ ಚೌಕ, ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತವೆ. ಸಾಲದ್ದಕ್ಕೆ ತೋಟದ ಕೆಳಗಿನ ಹಳ್ಳದ ಮರಳಲ್ಲೂ ಹಳದಿ ಚೂರುಗಳು ಮಿನುಗುತ್ತವೆ.

ಜೆಸಿಬಿ ಹುಡುಗ "ಅಣ್ಣಾ ಇದು ಬಂಗಾರವೇ, ಯಾರಿಗೂ ಹೇಳಬೇಡಿ" ಅಂದ. ಸಂಜೆಯೊಳಗೆ ಅವನೇ ಊರಿಗೆಲ್ಲ ಹೇಳಿದ. ಈಗ ದಿನಾ ಇಬ್ಬರು ಮೂವರು ಕಲ್ಲು ನೋಡಲು ಬರುತ್ತಾರೆ, ಅಮ್ಮನಿಗೆ ಕಾಫಿ ಮಾಡಿ ಮಾಡಿ ಸಾಕಾಗಿದೆ. ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ?

ತುಂಗಾತೀರ:
ಪಾಲು ಕೊಡುವುದಾದರೆ ಹೇಳುತ್ತೇನೆ ಮಾರಾಯ್ರೆ. ತಮಾಷೆ ಬಿಡಿ, ಹಳ್ಳದ ಮರಳಿನದು ಕಾಗೆಬಂಗಾರ. ಚಿಕ್ಕವರಿದ್ದಾಗ ನಾವೂ ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಂಡಿದ್ದೆವು. ನಮ್ಮ ಅಣ್ಣ ಅದನ್ನು ಕೊಟ್ಟು ನನ್ನ ಹತ್ರ ಗೋಲಿ ತಗೊಂಡಿದ್ದ.

ಹಳೇ ಸುತ್ತಿಗೆ:
ಮೂರು ಕಲ್ಲು, ಮೂರು ಕಥೆ. ಒಂದಕ್ಕೊಂದು ಕಲಸಬೇಡಿ. ಅದಿರು ಹುಡುಕುವ ಡ್ರಿಲ್ಲಿಂಗ್ ಕೆಲಸದಲ್ಲಿ ಇದ್ದು ಈಗ ನಿವೃತ್ತನಾಗಿದ್ದೇನೆ, ಇಂಥ ಕಲ್ಲು ಹಿಡಿದುಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಹಳ್ಳದ ಚೂರು ತುಂಗಾತೀರ ಹೇಳಿದ ಹಾಗೆ ಕಾಗೆಬಂಗಾರ, ಅಂದರೆ ಅಭ್ರಕ. ಕಪ್ಪು ಅಭ್ರಕ ಮಳೆಗೆ ಬಿಸಿಲಿಗೆ ಹಳೆಯದಾದಾಗ ಹೀಗೆ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಸೂಜಿ ತುದಿಯಿಂದ ಎಬ್ಬಿಸಿದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಡುತ್ತದೆ. ತಟ್ಟೆಯಲ್ಲಿ ನೀರು ಹಾಕಿ ಅಲ್ಲಾಡಿಸಿದರೆ ಮರಳಿಗಿಂತ ಮೊದಲು ಅದೇ ತೇಲಿ ಹೋಗುತ್ತದೆ. ಬಂಗಾರ ಎಲ್ಲ ತೊಳೆದು ಹೋದ ಮೇಲೂ ತಳಕ್ಕೆ ಅಂಟಿ ಕೂತಿರುತ್ತದೆ. ಯಾಕೆಂದರೆ ಬಂಗಾರ ನೀರಿಗಿಂತ 19 ಪಟ್ಟಿಗೂ ಜಾಸ್ತಿ ತೂಕ, ಮಾಮೂಲಿ ಮರಳು ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ.

ಬಾವಿಯ ಕರಿಕಲ್ಲಿನ ಚೌಕ ಚುಕ್ಕೆ ಪೈರೈಟ್. ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು. ಮೂರು ಪರೀಕ್ಷೆ ಮಾಡಿ. ಹೊಲಿಗೆ ಸೂಜಿಯಿಂದ ಒತ್ತಿ: ಬಂಗಾರವಾದರೆ ಮೇಣದ ಹಾಗೆ ತಗ್ಗು ಬೀಳುತ್ತದೆ, ಪೈರೈಟ್ ಆದರೆ ಸೂಜಿಯೇ ಜಾರುತ್ತದೆ, ಜೋರು ಮಾಡಿದರೆ ಪುಡಿ ಉದುರುತ್ತದೆ. ಬಚ್ಚಲಿನ ಟೈಲ್ಸ್ ಹಿಂಭಾಗದ ಒರಟು ಮೈಗೆ ಉಜ್ಜಿ: ಬಂಗಾರ ಹಳದಿ ಗೆರೆ ಬಿಡುತ್ತದೆ, ಪೈರೈಟ್ ಹಸಿರು ಮಿಶ್ರಿತ ಕಪ್ಪು ಗೆರೆ. ಆಮೇಲೆ ಕಲ್ಲನ್ನು ಬಿಸಿಲಿಂದ ನೆರಳಿಗೆ ತನ್ನಿ. ಬಂಗಾರ ನೆರಳಲ್ಲೂ ಅದೇ ಹಳದಿ, ಯಾವ ಕಡೆ ತಿರುಗಿಸಿದರೂ ಅದೇ ಹಳದಿ. ಕಣ್ಣು ಕುಕ್ಕುವುದು, ತಿರುಗಿಸಿದರೆ ಕಪ್ಪಾಗುವುದು ಇವೆಲ್ಲ ಬಂಗಾರದ ಬುದ್ಧಿ ಅಲ್ಲ.

ಇನ್ನೊಂದು ವಿಷಯ ನಮ್ಮ ಮಲೆನಾಡಿಗೇ ಸೇರಿದ್ದು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಇಂಥ ಮಳೆಯಲ್ಲಿ ಮೇಲ್ಮಣ್ಣಿನಲ್ಲಿ ಪೈರೈಟ್ ಹೊಳೆದುಕೊಂಡು ಉಳಿಯುವುದಿಲ್ಲ, ತುಕ್ಕಾಗಿ ಹೋಗುತ್ತದೆ. ನಿಮ್ಮ ಬಾವಿ ತಳದಲ್ಲಿ ಇನ್ನೂ ಹೊಳೆಯುತ್ತಿದೆ ಅಂದರೆ ಅಲ್ಲಿಗೆ ಗಾಳಿ ತಾಗಿರಲಿಲ್ಲ. ಧರೆಯ ಬೆಣಚುಕಲ್ಲಿನ ತೂತುಗಳು ಇವೆಯಲ್ಲ, ಅಲ್ಲಿ ಹಿಂದೆ ಅದೇ ಪೈರೈಟ್ ಇತ್ತು. ಅದು ಕರಗಿ ಹೋಗಿದೆ, ಚೌಕ ಮನೆ ಮಾತ್ರ ಉಳಿದಿದೆ.

ನನ್ನನ್ನು ಕೇಳಿದರೆ ಮೂರರಲ್ಲಿ ಕೈಗೆತ್ತಿಕೊಂಡು ನೋಡಬೇಕಾದ್ದು ಆ ಹೊಳೆಯದ ಕಲ್ಲು. ಪೈರೈಟ್ ಒಳಗೆ ಕಣ್ಣಿಗೆ ಕಾಣದಷ್ಟು ಬಂಗಾರ ಇರುವುದುಂಟು. ಪೈರೈಟ್ ತುಕ್ಕಾದರೂ ಬಂಗಾರಕ್ಕೆ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಇದ್ದರೆ ಅದು ಆ ಕೆಂಪು ಪುಡಿಯಲ್ಲೇ ಬಿದ್ದಿರುತ್ತದೆ.

ಧರೆಮನೆ:
ಸರ್, ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಟೈಲ್ಸ್ ಹಿಂದೆ ಉಜ್ಜಿದೆ, ಕಪ್ಪೇ ಬಂತು. ಬೇಜಾರಾಯಿತು. ಆದರೆ ನಿನ್ನೆ ಶಿವಮೊಗ್ಗಕ್ಕೆ ಹೋದಾಗ ಒಂದು ಚಿನ್ನದಂಗಡಿಯ ಕ್ಯಾರೆಟ್ ನೋಡುವ ಮಿಷನ್ನಿನಲ್ಲಿ ಇದೇ ಕಲ್ಲು ಇಡಿಸಿದೆ, 3 ಪರ್ಸೆಂಟ್ ಚಿನ್ನ ಅಂತ ತೋರಿಸಿತು! ಅದಕ್ಕೆ ಏನು ಹೇಳುತ್ತೀರಿ?

ಮೂಸೆ:
ನಮ್ಮದು ಅಕ್ಕಸಾಲಿ ಮನೆತನ, ಆ ಮಿಷನ್ ನಮ್ಮ ಅಂಗಡಿಯಲ್ಲೂ ಇದೆ. ಅದು ಬಳೆ, ಸರ, ಉಂಗುರ ನೋಡಲು ಮಾಡಿದ್ದು. ಅದರೊಳಗೆ ಇರುವ ಲೆಕ್ಕ ಚಿನ್ನ, ಬೆಳ್ಳಿ, ತಾಮ್ರ, ಸತು ಇಂಥವುಗಳದ್ದು. ಕಲ್ಲು ಇಟ್ಟರೆ ಅದಕ್ಕೆ ಗೊತ್ತಿರುವ ಹೆಸರುಗಳಲ್ಲೇ ಒಂದನ್ನು ಹೇಳುತ್ತದೆ, ಪಾಪ ಅದು ಇನ್ನೇನು ಮಾಡುತ್ತದೆ. ಕಲ್ಲಿನಲ್ಲಿ ಸತುವೋ ಪಾಷಾಣವೋ (ಆರ್ಸೆನಿಕ್) ಇದ್ದರೆ ಅವುಗಳಿಂದ ಬರುವ ಕಿರಣ ಚಿನ್ನದ ಕಿರಣಕ್ಕೆ ತೀರಾ ಹತ್ತಿರ, ಮಿಷನ್ ಮೋಸ ಹೋಗುತ್ತದೆ. ಒಂದು ಸಲ ನಾನೇ ಸುಮ್ನೆ ಆಟಕ್ಕೆ ರಸ್ತೆ ಜಲ್ಲಿ ಇಟ್ಟು ನೋಡಿದ್ದೆ, ಅದರಲ್ಲೂ ಸ್ವಲ್ಪ ಚಿನ್ನ ತೋರಿಸಿತ್ತು.

3 ಪರ್ಸೆಂಟ್ ಅಂದರೆ ಒಂದು ಟನ್ ಕಲ್ಲಿಗೆ 30 ಕೆ.ಜಿ. ಚಿನ್ನ. ಯೋಚನೆ ಮಾಡಿ ಅಣ್ಣ.

ಹಳೇ ಸುತ್ತಿಗೆ:
ಮೂಸೆ ಅವರ ಲೆಕ್ಕಕ್ಕೆ ಇದನ್ನೂ ಸೇರಿಸಿ. ಕೋಲಾರದ ಚಿನ್ನದ ಗಣಿ 120 ವರ್ಷ ನಡೆಯಿತು, ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಹೋಯಿತು, ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟಿತು, 2001ರ ಫೆಬ್ರವರಿಯಲ್ಲಿ ಮುಚ್ಚಿತು. ಕೊನೆಗೆ ಅಲ್ಲಿ ಟನ್ ಕಲ್ಲಿಗೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಟನ್ನಿಗೆ 4 ಗ್ರಾಂ ಅಂದರೆ ಎಷ್ಟು ಗೊತ್ತಾ? ಒಂದು ಒಣ ಬಟಾಣಿ ಕಾಳಿನಷ್ಟು ದಪ್ಪ. ಆ ಕಾಳನ್ನು ಕಣ್ಣಿಗೆ ಕಾಣದ ಹಾಗೆ ಪುಡಿ ಮಾಡಿ ಟನ್ ಕಲ್ಲಿನ ತುಂಬ ಎರಚಿದ್ದಾರೆ ಅಂದುಕೊಳ್ಳಿ. ರಾಯಚೂರಿನ ಹಟ್ಟಿ ಗಣಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ, ಅಲ್ಲಿಂದ ಬಂದ ಅದಿರನ್ನು ನಿಮ್ಮ ಕೈಗೆ ಕೊಟ್ಟರೆ ಮನೆ ಪಾಯಕ್ಕೂ ಬೇಡ ಅನ್ನುತ್ತೀರಿ, ಅಷ್ಟು ಸಪ್ಪೆ ಕಲ್ಲು.

ನ್ಯಾಮತಿ ಹುಡುಗ:
ನಮ್ಮ ಕಡೆ ಬನ್ನಿ ಸರ್. ಕುದುರೆಕೊಂಡದ ಹತ್ರ ಹಳೇ ಕಾಲದವರು ಚಿನ್ನ ತೋಡಿದ ಕುಳಿಗಳಿವೆ. ಹೊನ್ನಾಳಿ ಅನ್ನುವ ಹೆಸರಲ್ಲೇ ಹೊನ್ನು ಇದೆ ಅಲ್ವಾ! 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡಿ ನಮ್ಮನ್ನು ಆ ಕಡೆ ಹಾಕಿದರು, ಅದಕ್ಕೆ ಮೊದಲು ನಾವೂ ಶಿವಮೊಗ್ಗದವರೇ, ಹಾಗಾಗಿ ಇಲ್ಲಿ ಮಾತಾಡುವ ಹಕ್ಕು ನನಗಿದೆ.

ಹಳೇ ಸುತ್ತಿಗೆ:
ಹಕ್ಕು ಇದೆ, ಇರಲಿ. ಹೆಸರು ನಂಬಿ ಗುದ್ದಲಿ ಎತ್ತಬೇಡಿ ಅಷ್ಟೆ. ಆದರೆ ಹೊನ್ನಾಳಿ ಸೀಮೆಯ ಚಿನ್ನದ ಮಾತು ನಿಜ. ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ 19ನೇ ಶತಮಾನದಲ್ಲೇ ಅಲ್ಲಿ ಓಡಾಡಿ ಬರೆದಿದ್ದಾರೆ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಅದರ ಮೊದಲ ಮುಖ್ಯಸ್ಥರು ಅವರೇ. ಅವರ ಕಾಲದಲ್ಲಿ ಹಳ್ಳದ ಮರಳು ತೊಳೆದು ಚಿನ್ನ ತೆಗೆಯುವ ಜಲಗಾರರು ಗದಗದ ಕಪ್ಪತಗುಡ್ಡದ ಕಡೆ ಇನ್ನೂ ಇದ್ದರು. ಮರದ ಮರಿಗೆ, ಒಂದು ಗುದ್ದಲಿ, ಇಷ್ಟೇ ಸಾಮಾನು. ಹೊಸ ಮಳೆ ಬಂದು ಹಳ್ಳ ತೊಳೆದ ಮೇಲೆ ಹೊರಡುತ್ತಿದ್ದರು. ಯಾವ ಮಿಷನ್ನೂ ಇಲ್ಲದೆ ಚಿನ್ನ ಎಲ್ಲಿಂದ ಬರುತ್ತಿದೆ ಅಂತ ಅವರಿಗೆ ಗೊತ್ತಾಗುತ್ತಿತ್ತು, ಯಾಕೆಂದರೆ ಹಳ್ಳದ ಉದ್ದಕ್ಕೂ ತೊಳೆಯುತ್ತಾ ಮೇಲೆ ಹತ್ತಿದರೆ ಒಂದು ಕಡೆ ಕಣ ಸಿಗುವುದು ನಿಂತು ಹೋಗುತ್ತದೆ. ಅಲ್ಲೇ ಪಕ್ಕದ ದಿಬ್ಬದಲ್ಲಿ ಮೂಲ ಇದೆ ಅಂತ ಅರ್ಥ. ಈಗಿನ ಭೂವಿಜ್ಞಾನಿಗಳು ಮಾಡುವುದೂ ಅದನ್ನೇ, ಜೊತೆಗೆ ನಕ್ಷೆ ಮತ್ತು ಲ್ಯಾಬ್ ಇರುತ್ತದೆ.

ಇನ್ನು ಕಲ್ಲಿನ ವಿಷಯ. ಶಿವಮೊಗ್ಗದಿಂದ ಹಾವೇರಿ, ಧಾರವಾಡದ ಕಡೆಗೆ ಹಳೆಯ ಪದರಗಲ್ಲಿನ ಒಂದು ದೊಡ್ಡ ಪಟ್ಟಿ ಇದೆ. ಸುಮಾರು 250 ಕೋಟಿ ವರ್ಷದ ಹಿಂದೆ ಭೂಮಿ ಒಳಗಿಂದ ಬಿಸಿನೀರು ಬಿರುಕುಗಳಲ್ಲಿ ಮೇಲೆ ನುಗ್ಗಿತು. ಆ ನೀರಲ್ಲಿ ಗಂಧಕದ ಜೊತೆ ಸೇರಿ ಚಿನ್ನ ಕರಗಿತ್ತು. ಕಬ್ಬಿಣ ಜಾಸ್ತಿ ಇರುವ ಕಲ್ಲು ಎದುರಾದಾಗ ಗಂಧಕ ಕಬ್ಬಿಣವನ್ನು ಹಿಡಿದುಕೊಂಡು ಪೈರೈಟ್ ಆಯಿತು, ಕೈಬಿಟ್ಟ ಚಿನ್ನ ಅಲ್ಲೇ ಕೂತಿತು. ಹಾವೇರಿಯ ಗಣಜೂರಿನಲ್ಲಿ ಚಿನ್ನ ಸಿಕ್ಕಿದ್ದು ಹೀಗೆ ತುಕ್ಕು ಹಿಡಿದ ಪಟ್ಟೆಪಟ್ಟೆ ಕಲ್ಲಿನಲ್ಲಿ. ಹೊಳಪಿಲ್ಲ, ಚಂದವಿಲ್ಲ. ಅದಕ್ಕೇ ಚಿನ್ನ ಹುಡುಕುವವರು ಮೊದಲು ತುಕ್ಕು ಹುಡುಕುತ್ತಾರೆ.

ಧರೆಮನೆ ಅವರ ಊರಿನ ಕಡೆ ಜಾಸ್ತಿ ಇರುವುದು ನೈಸ್ (gneiss) ಅನ್ನುವ ಬೇರೆ ಜಾತಿಯ ಕಲ್ಲು, ಆ ಪಟ್ಟಿಯದ್ದಲ್ಲ. ಬೆಣಚುಕಲ್ಲು ಎಲ್ಲ ಕಡೆ ಇರುತ್ತದೆ, ಬಂಗಾರ ಎಲ್ಲ ಕಡೆ ಇರುವುದಿಲ್ಲ.

ಸುಮ್ನೆ ಓದುಗ:
ಒಂದು ಅನುಭವ ಹೇಳಿ ಹೋಗುತ್ತೇನೆ. ನಮ್ಮ ಭಾವನ ಮನೆಗೆ ಒಬ್ಬ ಬಂದಿದ್ದ, ಕೈಯಲ್ಲಿ ಆಂಟೆನಾ ಇರುವ ಪೆಟ್ಟಿಗೆ, ತೋಟದಲ್ಲಿ ಓಡಾಡಿ "ನಲವತ್ತು ಅಡಿ ಕೆಳಗೆ ಬಂಗಾರದ ಎಳೆ ಇದೆ" ಅಂದ. 15 ಸಾವಿರ ತಗೊಂಡು ಹೋದವನು ಫೋನ್ ಎತ್ತಲಿಲ್ಲ. ಭಾವ ಇವತ್ತಿಗೂ ಅದನ್ನು ಅಕ್ಕನಿಗೆ ಹೇಳಿಲ್ಲ. ಟನ್ನಿಗೆ ನಾಲ್ಕು ಗ್ರಾಂ ಅನ್ನುವ ಲೆಕ್ಕ ಆಗ ಗೊತ್ತಿದ್ದರೆ 15 ಸಾವಿರ ಉಳಿಯುತ್ತಿತ್ತು.

ಧರೆಮನೆ:
ಮಿಷನ್ ಬಿಡಿ, ನಾನೇ ಒಂದು ಲೆಕ್ಕ ಮಾಡಿದೆ. ಬಾವಿಯಿಂದ ಬಂದ ಬೆಣಚುಕಲ್ಲಿನ ತುಂಡೂ ಒಂದಿದೆ, ಅದರಲ್ಲೂ ಹಳದಿ ಚುಕ್ಕೆ ಇದೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ, 240 ಗ್ರಾಂ. ಆಮೇಲೆ ತಕ್ಕಡಿ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದ ಹಾಗೆ ಮುಳುಗಿಸಿದೆ. 85 ತೋರಿಸಿತು. 240 ಭಾಗಿಸು 85 ಅಂದರೆ 2.82. ಬರೀ ಬೆಣಚುಕಲ್ಲಾದರೆ 2.65 ಇರಬೇಕು ಅಂತ ಓದಿದೆ. ಜಾಸ್ತಿ ಇರುವ ತೂಕ ಬಂಗಾರದ್ದು ಅಂತ ಲೆಕ್ಕ ಹಾಕಿದರೆ ಈ ಒಂದೇ ಕಲ್ಲಿನಲ್ಲಿ 17 ಗ್ರಾಂ ಬರುತ್ತದೆ. ಎರಡು ಸಲ ಮಾಡಿದೆ, ತಪ್ಪಿಲ್ಲ.

ಸಾಗರದಕ್ಕ:
ಲೆಕ್ಕ ತಪ್ಪಿಲ್ಲ ತಮ್ಮ, ತೂಗಿದ ರೀತಿಯೂ ಸರಿ ಇದೆ. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ, ನನ್ನ ಮಕ್ಕಳೂ ಇಷ್ಟು ಚೆನ್ನಾಗಿ ಮಾಡುವುದಿಲ್ಲ. ಆದರೆ ಅದೇ ಲೆಕ್ಕವನ್ನು ಪೈರೈಟ್ ಇಟ್ಟು ಮಾಡಿ ನೋಡು. ಪೈರೈಟ್ ನೀರಿಗಿಂತ 5 ಪಟ್ಟು ತೂಕ. ಆಗ ಕಲ್ಲಿನಲ್ಲಿ ಸುಮಾರು 31 ಗ್ರಾಂ ಪೈರೈಟ್ ಇದೆ ಅಂತ ಉತ್ತರ ಬರುತ್ತದೆ. ತಕ್ಕಡಿ ಜಾಸ್ತಿ ತೂಕ ಇದೆ ಅನ್ನುತ್ತದೆಯೇ ಹೊರತು ಯಾರದ್ದು ಅಂತ ಹೇಳುವುದಿಲ್ಲ. 17 ಗ್ರಾಂ ಬಂಗಾರ ಇದ್ದಿದ್ದರೆ ಸೂಜಿ ಎಲ್ಲೋ ಒಂದು ಕಡೆ ಕಚ್ಚುತ್ತಿತ್ತು ಅಲ್ವಾ?

ತುಂಗಾತೀರ:
ಅಕ್ಕ, ಪಾಲು ಕೇಳಿದ್ದನ್ನು ವಾಪಸ್ ತಗೊಂಡೆ.

ನ್ಯಾಮತಿ ಹುಡುಗ:
ಬೆಣಚುಕಲ್ಲು ಒಡೆಯಲು ಗಟ್ಟಿ ಆಗುತ್ತದೆ. ನಮ್ಮಜ್ಜ ಹೇಳುತ್ತಿದ್ದರು, ಬಚ್ಚಲೊಲೆಯಲ್ಲಿ ಕೆಂಪಗೆ ಕಾಯಿಸಿ ತಣ್ಣೀರಿಗೆ ಹಾಕಿದರೆ ಪುಡಿಪುಡಿ ಆಗುತ್ತದೆ. ಹಾಗೆ ಮಾಡಿ ತೊಳೆದು ನೋಡಿ ಅಣ್ಣ.

ಸಾಗರದಕ್ಕ:
ಬೇಡ! ಬಾವಿ ಕಲ್ಲನ್ನು ಅಂತೂ ಮನೆಯೊಳಗೆ ಕಾಯಿಸಲೇಬೇಡಿ. ಪೈರೈಟ್ ಕಾದರೆ ಗಂಧಕದ ಹೊಗೆ, ಅದರ ಜೊತೆ ಪಾಷಾಣ ಇರುವ ಇನ್ನೊಂದು ಖನಿಜ ಇದ್ದರೆ ಪಾಷಾಣದ ಹೊಗೆ. ಚಿನ್ನ ಇರುವ ಕಡೆ ಈ ಎರಡನೆಯದು ಜೊತೆಗಿರುವುದು ಸಾಮಾನ್ಯ. ಬೆಳ್ಳಗೆ, ತವರದ ಬಣ್ಣದಲ್ಲಿ ಇರುತ್ತದೆ, ಹಳದಿ ಹುಡುಕುವವರ ಕಣ್ಣಿಗೆ ಬೀಳುವುದೇ ಇಲ್ಲ. ಪಾದರಸ ತಂದು ಉಜ್ಜುವ ಐಡಿಯಾ ಯಾರಾದರೂ ಕೊಟ್ಟರೆ ಅದನ್ನೂ ಕೇಳಬೇಡಿ.

ಅದಿರಲಿ, ಆ ಬಾವಿ ನೀರು ಕುಡಿಯುತ್ತೀರಾ?

ಧರೆಮನೆ:
ಕುಡಿಯುತ್ತೇವೆ ಅಕ್ಕ. ಇಳಿಸಿದ ಮೇಲೆ ಕೊಡದ ತಳದಲ್ಲಿ ಸ್ವಲ್ಪ ಕೆಂಪು ಕೂರುತ್ತಿದೆ, ರುಚಿಯೂ ಸ್ವಲ್ಪ ಬೇರೆ ಅಂತ ಅಮ್ಮ ಹೇಳುತ್ತಿದ್ದರು. ಹೊಸದಾಗಿ ಇಳಿಸಿದ್ದು ಅಲ್ವಾ, ಸರಿ ಹೋಗುತ್ತದೆ ಅಂದುಕೊಂಡಿದ್ದೆ.

ಹಳೇ ಸುತ್ತಿಗೆ:
ಇದನ್ನು ಮೊದಲೇ ಕೇಳಬೇಕಿತ್ತು, ನನ್ನದೇ ತಪ್ಪು. ಬಂಗಾರ ಅಂದ ಕೂಡಲೇ ನಾವೂ ಕಲ್ಲನ್ನೇ ನೋಡುತ್ತೇವೆ. ಬಾವಿ ಇಳಿಸಿದಾಗ ಹೊಸ ಪೈರೈಟಿಗೆ ಗಾಳಿ ನೀರು ತಾಗಿದೆ, ಅದು ಕೊಳೆಯಲು ಶುರುವಾಗಿದೆ. ಕೊಳೆತರೆ ಕಬ್ಬಿಣದ ಕೆಂಪು ಬರುತ್ತದೆ, ನೀರು ಹುಳಿಯಾಗುತ್ತದೆ. ಒಂದು ಕಲ್ಲನ್ನು ಅಂಗಳದಲ್ಲಿ ಸುತ್ತಿಗೆಯಿಂದ ಜೋರಾಗಿ ಹೊಡೆದು ತಕ್ಷಣ ಮೂಸಿ ನೋಡಿ. ಪಟಾಕಿ ವಾಸನೆ ಬಂದರೆ ಗಂಧಕ. ಬೆಳ್ಳುಳ್ಳಿ ವಾಸನೆ ಬಂದರೆ ಪಾಷಾಣದ ಖನಿಜ. ವಾಸನೆ ಏನೇ ಬರಲಿ, ನೀರನ್ನು ಲ್ಯಾಬಿಗೆ ಕೊಡಿ, ಕಬ್ಬಿಣ ಮತ್ತು ಆರ್ಸೆನಿಕ್ ಎರಡನ್ನೂ ನೋಡಿ ಅಂತ ಬಾಯಿಬಿಟ್ಟು ಹೇಳಿ. ಮಾಮೂಲಿ ಪರೀಕ್ಷೆಯಲ್ಲಿ ಆರ್ಸೆನಿಕ್ ಎಲ್ಲರೂ ನೋಡುವುದಿಲ್ಲ. ಕಾಯಿಸಿದರೆ ಅದು ಹೋಗುವುದಿಲ್ಲ. ಉತ್ತರ ಬರುವವರೆಗೆ ಕುಡಿಯಲು ಬೇರೆ ಕಡೆಯಿಂದ ತನ್ನಿ.

ಧರೆಯ ತುಕ್ಕು ಪುಡಿಯನ್ನು ಬೇಕಾದರೆ ತೊಳೆದು ನೋಡಿ, ಅದಕ್ಕೆ ಒಲೆ ಬೇಡ. ಕಬ್ಬಿಣದ ಹಾರೆಯಿಂದ ಕುಟ್ಟಿ, ಜರಡಿ ಹಿಡಿದು, ಅಗಲ ತಟ್ಟೆಯಲ್ಲಿ ನೀರು ಹಾಕಿ ಅಲ್ಲಾಡಿಸುತ್ತಾ ಮೇಲಿನದನ್ನು ಹೊರಗೆ ಬಿಡಿ. ಅವಸರ ಬೇಡ. ಕೊನೆಗೆ ಕಪ್ಪು ಮರಳು ಉಳಿಯುತ್ತದೆ. ಒಣಗಿಸಿ, ಕಾಗದದ ಮೇಲೆ ಹರಡಿ, ಕೆಳಗಿಂದ ಅಯಸ್ಕಾಂತ ಆಡಿಸಿದರೆ ಕಪ್ಪು ಒಂದು ಕಡೆ ಸರಿಯುತ್ತದೆ. ಉಳಿದದ್ದರಲ್ಲಿ ಹಳದಿ ಇದ್ದರೆ ಸೂಜಿ ಪರೀಕ್ಷೆ.

ಸುಮ್ನೆ ಓದುಗ:
ಸಿಕ್ಕಿದರೆ ಅದು ಯಾರದ್ದು? ಜಾಗ ಅವರದ್ದೇ ಅಲ್ವಾ?

ಮೂಸೆ:
ಒಂದೆರಡು ಕಲ್ಲು ಕಪಾಟಿನಲ್ಲಿ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಅಗೆದು ತೆಗೆದು ಮಾರುತ್ತೇನೆ ಅಂದರೆ 1957ರ ಗಣಿ ಖನಿಜ ಕಾಯ್ದೆ ಬರುತ್ತದೆ, ಸ್ವಂತ ತೋಟವಾದರೂ ಪರವಾನಗಿ ಬೇಕು. ಹಳ್ಳ ಕಾಡೊಳಗೆ ಇದ್ದರೆ ಅರಣ್ಯದವರ ಜೊತೆ ಬೇರೆ ಮಾತು.

ಧರೆಮನೆ:
ಸಿಕ್ಕಿತು!!! ಎರಡು ದಿನ ಕೂತು ಮೂರು ಡಬ್ಬ ಪುಡಿ ತೊಳೆದೆ. ಕಪ್ಪು ಮರಳು ಸರಿಸಿದ ಮೇಲೆ ಒಂದು ಹಳದಿ ಕಣ ಉಳಿಯಿತು, ಚಿರೋಟಿ ರವೆಗಿಂತ ಸಣ್ಣದು. ಸೂಜಿಯಿಂದ ಒತ್ತಿದೆ, ಪುಡಿ ಆಗಲಿಲ್ಲ, ಚಪ್ಪಟೆ ಆಯಿತು. ನೆರಳಲ್ಲೂ ಹಳದಿ. ಈಗ ಹೇಳಿ ಸರ್!

ತುಂಗಾತೀರ:
ಪಾಲಿನ ವಿಷಯ ಮತ್ತೆ ಮಾತಾಡೋಣ ಮಾರಾಯ್ರೆ.

ಹಳೇ ಸುತ್ತಿಗೆ:
ನೀವು ಹೇಳಿದ್ದು ಕೇಳಿದರೆ ಅದು ಬಂಗಾರವೇ. ಒಂದು ಪ್ರಶ್ನೆ. ಯಾವುದರಲ್ಲಿ ಕುಟ್ಟಿದಿರಿ? ಕುಟ್ಟುವಾಗ ಕೈಯಲ್ಲಿ ಉಂಗುರ ಇತ್ತಾ?

ಮೂಸೆ:
ಅಯ್ಯೋ ಸರ್, ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಬೆಣಚುಕಲ್ಲಿನ ಪುಡಿ ಅಂದರೆ ಅರ ಇದ್ದ ಹಾಗೆ, ಮೆತ್ತಗಿನ ಚಿನ್ನವನ್ನು ಉಜ್ಜಿ ಹಾಕುತ್ತದೆ. ನಮ್ಮ ಅಂಗಡಿ ಕಸವನ್ನು ಗುಡಿಸಿ ಎಸೆಯುವುದಿಲ್ಲ, ಆ ದೂಳು ತೊಳೆದು ಚಿನ್ನ ತೆಗೆಯುವವರೇ ಬೇರೆ ಇದ್ದಾರೆ.

ಧರೆಮನೆ:
...ಇತ್ತು. ಮದುವೆ ಉಂಗುರ. ಈಗ ನೋಡಿದೆ, ಒಳಗಡೆ ಹೊಸದಾಗಿ ಗೀರು ಬಿದ್ದಿದೆ. ಹೆಂಡತಿಗೆ ಇನ್ನೂ ತೋರಿಸಿಲ್ಲ.

ಹಳೇ ಸುತ್ತಿಗೆ:
ಬೇಜಾರು ಮಾಡಿಕೊಳ್ಳಬೇಡಿ. ಡ್ರಿಲ್ಲಿಂಗ್ ಕ್ಯಾಂಪಿನಲ್ಲಿ ನಮ್ಮವರಿಗೆ ಉಂಗುರ ಬಿಚ್ಚಿಟ್ಟೇ ಕಲ್ಲು ಮುಟ್ಟಬೇಕು ಅಂತ ಕಟ್ಟುನಿಟ್ಟು ಇತ್ತು, ಯಾಕೆ ಅಂತ ಈಗ ನಿಮಗೆ ಗೊತ್ತಾಯಿತು. ಉಂಗುರ ತೆಗೆದು, ತಟ್ಟೆ ಚೆನ್ನಾಗಿ ತೊಳೆದು ಇನ್ನೊಂದು ಸಲ ಮಾಡಿ. ಆಗಲೂ ಕಣ ಸಿಕ್ಕಿದರೆ ಆ ಪಟ್ಟೆಯ ನಾಲ್ಕೈದು ಜಾಗದಿಂದ, ಚಂದ ಇದ್ದದ್ದು ಇಲ್ಲದ್ದು ನೋಡದೆ ಎಲ್ಲ ತರದ ಕಲ್ಲು ಆರಿಸಿ ಲ್ಯಾಬಿಗೆ ಕೊಡಿ. ಅವರು ಪುಡಿ ಮಾಡಿ ಸೀಸದ ಜೊತೆ ಮೂಸೆಯಲ್ಲಿ ಕರಗಿಸುತ್ತಾರೆ, ಚಿನ್ನ ಸೀಸಕ್ಕೆ ಇಳಿಯುತ್ತದೆ, ಆಮೇಲೆ ಸೀಸ ತೆಗೆದು ಉಳಿದದ್ದನ್ನು ತೂಗುತ್ತಾರೆ. ಟನ್ನಿಗೆ ಎಷ್ಟು ಅಂತ ಹೇಳುವ ಹಳೆಯ ನಂಬಿಕೆಯ ವಿಧಾನ ಅದೇ. ಮೊದಲು ಕಲ್ಲು ಗುರುತು ಹಿಡಿಸಬೇಕು ಅಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಇದೆ, ಅಲ್ಲಿ ಕೇಳಿ ನೋಡಿ.

ಧರೆಮನೆ:
ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ಉಂಗುರ ತೆಗೆದು ಆರು ಡಬ್ಬ ತೊಳೆದೆ. ಕಪ್ಪು ಮರಳು ಬಿಟ್ಟರೆ ಏನೂ ಇಲ್ಲ. ಬಾವಿ ಕಲ್ಲು ಹೊಡೆದಾಗ ಪಟಾಕಿ ವಾಸನೆ ಬಂತು, ಬೆಳ್ಳುಳ್ಳಿ ಬರಲಿಲ್ಲ, ಅಮ್ಮನಿಂದಲೂ ಮೂಸಿಸಿದೆ. ನೀರು ಲ್ಯಾಬಿಗೆ ಕೊಟ್ಟು ಬಂದಿದ್ದೇನೆ, ಆರ್ಸೆನಿಕ್ ಅಂತ ಚೀಟಿಯಲ್ಲೇ ಬರೆಸಿದ್ದೇನೆ. ಅಲ್ಲಿಯವರೆಗೆ ಚಿಕ್ಕಪ್ಪನ ಮನೆ ಬಾವಿಯಿಂದ ನೀರು. ಜನ ಈಗಲೂ ಬರುತ್ತಾರೆ, ಕಾಫಿ ಮಾತ್ರ ನಿಲ್ಲಿಸಿದ್ದೇವೆ.

ಸಾಗರದಕ್ಕ:
ನೀರಿನ ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕು ತಮ್ಮ, ನೋಡಿ ಹೇಳುತ್ತೇನೆ.

ನ್ಯಾಮತಿ ಹುಡುಗ:
ಅಣ್ಣ, ಧರೆಯಿಂದ ಬಂದ ಆ ಬೆಣಚುಕಲ್ಲು ಎಷ್ಟು ಲೋಡ್ ಆಗಬಹುದು? ಕೊಟ್ಟಿಗೆ ಪಾಯಕ್ಕೆ ಬೇಕಿತ್ತು.